ಸೊನ್ನೆ ಬಿಲ್ಲಿನ ಹಿಂಬದಿ

ಬಿಲ್ಲು ಸೊನ್ನೆಯಾದ ಮೇಲೆ
ಶಿಡ್ಲಘಟ್ಟದಲ್ಲಿ ನನ್ನನ್ನು ಬೈಯುವವರೇ ಇಲ್ಲ.

ಮೊದಲಾದರೆ ಗೇಟಿನ ಸದ್ದಿಗೇ
ಸೌಟು ಹಿಡಿದು ಹೊರಗೆ ಬರುತ್ತಿದ್ದರು:
ನಿನ್ನ ಮೀಟರು ಗಾಳಿಗೂ ಓಡುತ್ತೆ,
ವಾರ ಊರಲ್ಲೇ ಇರಲಿಲ್ಲ, ಆಗಲೂ ಓಡಿದೆ,
ನಿಮ್ಮ ಆಫೀಸಿನ ಫ್ಯಾನೆಲ್ಲ
ನಮ್ಮ ದುಡ್ಡಲ್ಲೇ ಸುತ್ತುತ್ತಾ?
ಬೈದು ಬೈದು ಸುಸ್ತಾಗಿ ಕೊನೆಗೆ
ನೀರು ಕುಡೀತೀಯಾ ಅನ್ನುತ್ತಿದ್ದರು.

ಈಗ ಕೈಯ ಯಂತ್ರ ಕಿರ್ರೆಂದು
ಗೇಣುದ್ದದ ಚೀಟಿ ಉಗುಳುತ್ತದೆ.
ಕಟ್ಟಬೇಕಾದ್ದು: ಸೊನ್ನೆ.
ಬಾಗಿಲ ಸಂದಿಗೆ ಸಿಕ್ಕಿಸಿ ನಡೆ.
ದಿನಕ್ಕೆ ನೂರೈವತ್ತು ಮನೆ,
ಒಂದು ಮುಖ ಇಲ್ಲ.

ಅದಕ್ಕೇ ಶುರು ಮಾಡಿದ್ದು.
ರಾತ್ರಿ ನಿದ್ದೆ ಬಾರದೆ ಫೋನು ಉಜ್ಜುತ್ತಾ ಹೋದರೆ
ಏನೇನೋ ಸಿಗುತ್ತದಲ್ಲ,
ಅದರಲ್ಲೊಂದನ್ನು ಬೆಳಿಗ್ಗೆ
ಚೀಟಿಯ ಬೆನ್ನಿಗೆ ನೀಲಿ ಪೆನ್ನಲ್ಲಿ ಗೀಚಿದೆ:
"ಆಕ್ಟೋಪಸ್ಸಿಗೆ ಹೃದಯ ಮೂರು."

ಮಾರನೇ ತಿಂಗಳು ಬಾಗಿಲು ತೆರೆದೇ ಇತ್ತು.
ಅಕ್ಕಯ್ಯಮ್ಮ ಕಾದು ನಿಂತಿದ್ದರು.
ಮೂರಾ?
ನಮ್ಮೋರಿಗೆ ಇರೋ ಒಂದಕ್ಕೇ ಸ್ಟೆಂಟ್ ಹಾಕ್ಸೋಕೆ
ಎಮ್ಮೆ ಎರಡೂ ಹೋದ್ವು.
ಅದೇನ್ ಮಾಡುತ್ತಪ್ಪ, ಪಾಪ.

ದರ್ಜಿ ದಸ್ತಗೀರ್ ಸಾಬರಿಗೆ
ಶುಕ್ರಗ್ರಹ ಬರೆದುಕೊಟ್ಟೆ:
ಅಲ್ಲಿ ಒಂದು ವರ್ಷಕ್ಕಿಂತ
ಒಂದು ದಿನವೇ ಉದ್ದ.
ಗುಂಡುಸೂಜಿ ಕಚ್ಚಿಕೊಂಡೇ ನಕ್ಕರು:
ಅಂಗಡಿ ಇಡೋಕೆ ಒಳ್ಳೇ ಜಾಗ.
ನಾಳೆ ಕೊಡ್ತೀನಿ ಅಂದ್ರೆ
ನಡುವೆ ಒಂದು ಯುಗಾದಿ ಬಂದು ಹೋಗಿರುತ್ತೆ.

ಚೀನಾದ ಗೋಡೆ ಚಂದ್ರನಿಂದ ಕಾಣುತ್ತೆ ಅಂತ ಬರೆದ ಚೀಟಿ
ನಿವೃತ್ತ ಮೇಷ್ಟ್ರ ಮನೆಯಿಂದ ವಾಪಸ್ಸು ಬಂತು.
ಕೆಂಪು ಶಾಯಿಯ ಅಡ್ಡಗೆರೆ: ಕಾಣುವುದಿಲ್ಲ.
ವಿಚಾರಿಸಿ ಬರೆಯುವುದು.
ಕೆಳಗೆ ಅಂಕ. ಅದೂ ಸೊನ್ನೆ.

ನೂಲು ಬಿಚ್ಚುವ ಶೆಡ್ಡಿಗೆ ಸೊನ್ನೆ ಬಿಲ್ಲಿಲ್ಲ,
ಆದರೂ ಅಭ್ಯಾಸಬಲ.
ಮುಬೀನಾಳ ಎರಡೂ ಕೈ ಬಿಸಿನೀರಲ್ಲಿ,
ಓದಿ ಹೇಳು ಅಂದಳು. ಓದಿದೆ:
"ಚಿಟ್ಟೆ ಕಾಲಿನಿಂದ ರುಚಿ ನೋಡುತ್ತದೆ."
ಎಳೆಯ ತುದಿ ಹುಡುಕುತ್ತಾ, ತಲೆ ಎತ್ತದೆ,
ನಮ್ದು ತಿನ್ನೋದೇ ಇಲ್ಲ ಅಂದಳು.
ಗೂಡಿಂದ ಹೊರಗೆ ಬಂದ ಮೇಲೆ
ರೇಷ್ಮೆಚಿಟ್ಟೆ ಒಂದೆಲೆ ಮುಟ್ಟಲ್ಲ.
ಹುಳ ಆಗಿದ್ದಾಗ ತಿಂದದ್ದರಲ್ಲೇ
ಮದುವೆ, ಮೊಟ್ಟೆ, ಸಾವು.

ಹದಿನೆಂಟು ವರ್ಷ ಈ ಬೀದಿ ತುಳಿದಿದ್ದೇನೆ,
ಯಾರೂ ಹೇಳಿರಲಿಲ್ಲವಲ್ಲ, ಅಂದೆ.
ಯೂನಿಟ್ ಎಷ್ಟು ಅನ್ನೋದು ಬಿಟ್ಟು
ನೀನು ಏನು ಕೇಳಿದ್ದೆ, ಅಂದಳು.

ಪಿಳ್ಳಮ್ಮನಿಗೆ ಅಕ್ಷರ ಬರದು.
ಅವಳಿಗೆ ಬಾಯಲ್ಲೇ ಹೇಳಿದೆ:
ಆಸ್ಟ್ರೇಲಿಯಾದಲ್ಲಿ ವೊಂಬ್ಯಾಟ್ ಅಂತ ಒಂದು ಪ್ರಾಣಿ,
ಲದ್ದಿ ಹಾಕಿದರೆ ಚೌಕ ಚೌಕ.
ಬೆರಣಿ ತಟ್ಟುತ್ತಿದ್ದ ಕೈ
ಗೋಡೆಯ ಮೇಲೇ ನಿಂತಿತು.
ತಟ್ಟೋ ಕೆಲಸಾನೇ ಇಲ್ಲ ಅನ್ನು!
ಒಣಗಿಸು, ಜೋಡಿಸು. ಮನೇನೇ ಕಟ್ಟಬೋದು.
ಅವಳು ನಕ್ಕ ರಭಸಕ್ಕೆ
ಹಸಿ ಬೆರಣಿಯೊಂದು ಜಾರಿ ಬಿತ್ತು.

ಮೊನ್ನೆ, ಎರಡು ಬೀದಿ ಆಚೆ,
ಗಂಗುಲಪ್ಪ ಜಗಲಿಯಿಂದಲೇ ಕೂಗಿದ:
ಬಾರಯ್ಯ, ದಿನಾ ನೀನೇ ಹೇಳ್ತೀಯ,
ಇವತ್ತು ನಾನು ಹೇಳ್ತೀನಿ.
ಚಿಂತಾಮಣಿ ಕಡೆ ಯಾರದೋ ಸೀಮೆಹಸು
ಇಟ್ಟಿಗೆ ಇಟ್ಟಿಗೆ ಸಗಣಿ ಹಾಕ್ತದಂತೆ,
ಅಚ್ಚಲ್ಲಿ ತೆಗೆದಂಗೆ.
ಅದರಲ್ಲೇ ಕೊಟ್ಟಿಗೆ ಎಬ್ಬಿಸವ್ರೆ.
ನೋಡೋಕೆ ಜನ ಟೆಂಪೋ ಮಾಡ್ಕೊಂಡು ಹೋಗ್ತಾವ್ರೆ.
ಈ ವಿಷಯ ನಿನ್ನ ಫೋನಲ್ಲಿ ಇರಲಿಕ್ಕಿಲ್ಲ.

ಇಲ್ಲ ಅಂದೆ.
ಯಂತ್ರ ಪಕ್ಕಕ್ಕಿಟ್ಟು ಜಗಲಿಯ ಮೇಲೆ ಕೂತೆ.
ಎಷ್ಟು ದೊಡ್ಡದಂತೆ ಕೊಟ್ಟಿಗೆ?
ಮೀಟರು ಕೂರಿಸಿದ್ದಾರಾ?